ಜರ್ಮನಿಗೆ ಅಗ್ಗದ ಅನಿಲ ಮರಳಿ ಬಂದೀತೇ?

ಓದುಗರ ಪ್ರಶ್ನೆ: ಎಂಟು ವರ್ಷಗಳಿಂದ ಸ್ಟುಟ್‌ಗಾರ್ಟ್ ಬಳಿ ವಾಸವಾಗಿದ್ದೇವೆ. ಮನೆ ಬಿಸಿ ಮಾಡುವುದು ಅನಿಲದ ಬಾಯ್ಲರಿನಿಂದ. 2021ರಲ್ಲಿ ಯೂನಿಟ್ಟಿಗೆ ಸುಮಾರು 6 ಸೆಂಟ್ ಕೊಡುತ್ತಿದ್ದೆವು, ಈಗ 11.4 ಸೆಂಟ್. ಸಗಟು ಮಾರುಕಟ್ಟೆಯಲ್ಲಿ ಅನಿಲವೂ ತೈಲವೂ ಇಳಿದಿವೆ ಎಂದು ಓದುತ್ತೇನೆ, ಆದರೆ ನಮ್ಮ ಬಿಲ್ಲು ಇಳಿದಿಲ್ಲ. ಪೂರೈಕೆದಾರರೊಡನೆ ಮಾಡಿಕೊಂಡ ಒಪ್ಪಂದ ಮಾರ್ಚ್‌ನಲ್ಲಿ ಮುಗಿಯುತ್ತದೆ. ಎರಡು ವರ್ಷಕ್ಕೆ ದರ ನಿಗದಿ ಮಾಡಿಕೊಳ್ಳಲೇ, ಇಳಿಯುವವರೆಗೆ ಕಾಯಲೇ? ಪಕ್ಕದ ಮನೆಯವರದು ತೈಲದ ಟ್ಯಾಂಕು, ಅವರೂ ಇದನ್ನೇ ಕೇಳುತ್ತಿದ್ದಾರೆ. ಹಿಂದಿನ ಬೆಲೆ ಎಂದಾದರೂ ಬಂದೀತೇ?

ಉತ್ತರ: ಮುಂದಿನ ಎರಡು ಮೂರು ವರ್ಷಗಳಲ್ಲಿ ಯುರೋಪಿನ ಸಗಟು ಅನಿಲ ಬೆಲೆ ಈಗಿರುವುದಕ್ಕಿಂತ ಕೆಳಗೆ ಹೋಗುವ ಸಾಧ್ಯತೆಯೇ ಹೆಚ್ಚು. ಆದರೆ ಅದು 2019–20ರ ಮಟ್ಟಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ ಎಂದು ನಾನು ನಂಬುವುದಿಲ್ಲ, ಮತ್ತು ಇಳಿದದ್ದೆಲ್ಲವೂ ನಿಮ್ಮ ಬಿಲ್ಲಿನವರೆಗೆ ಬರುವುದೂ ಇಲ್ಲ. ಇಳಿಯುವ ದಾರಿಯಲ್ಲಿ ನಡುನಡುವೆ ಬೆಲೆ ದಿಢೀರನೆ ಮೇಲೆ ಹಾರುವ ಸಂದರ್ಭಗಳು ಹಿಂದಿಗಿಂತ ಹೆಚ್ಚಿರುತ್ತವೆ. ಇದನ್ನು ನಾನು 2025ರ ಡಿಸೆಂಬರ್ ಕೊನೆಯ ಸ್ಥಿತಿಯನ್ನು ನೋಡಿ ಬರೆಯುತ್ತಿದ್ದೇನೆ. ಯುರೋಪಿನ ಅನಿಲಕ್ಕೆ ಅಳತೆಗೋಲಾಗಿರುವ ನೆದರ್ಲೆಂಡ್ಸಿನ ಟಿಟಿಎಫ್ ಮಾರುಕಟ್ಟೆಯಲ್ಲಿ ಒಂದು ಮೆಗಾವ್ಯಾಟ್ ಗಂಟೆಗೆ, ಅಂದರೆ ನಮ್ಮ ಮಾತಿನ 1,000 ಯೂನಿಟ್ಟಿಗೆ, 30 ಯೂರೋಗಿಂತ ಸ್ವಲ್ಪ ಕಡಿಮೆ ಬೆಲೆಯಿದೆ. ತೈಲಕ್ಕೆ ಅಳತೆಗೋಲಾಗಿರುವ ಬ್ರೆಂಟ್ ಕಚ್ಚಾತೈಲ ಬ್ಯಾರೆಲ್ಲಿಗೆ 60 ಡಾಲರಿನ ಆಸುಪಾಸಿನಲ್ಲಿದೆ.

ನೀವು ನೆನಪಿಸಿಕೊಂಡ ಹಳೆಯ ಬೆಲೆ ಎಲ್ಲಿಂದ ಬಂದಿತ್ತು ಎಂಬುದನ್ನು ಮೊದಲು ನೋಡಬೇಕು. ಉಕ್ರೇನ್ ಯುದ್ಧಕ್ಕೆ ಮುಂಚೆ ಜರ್ಮನಿ ಆಮದು ಮಾಡಿಕೊಳ್ಳುತ್ತಿದ್ದ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ರಷ್ಯಾದ್ದು. ಅದರ ದೊಡ್ಡ ಭಾಗ ಬಾಲ್ಟಿಕ್ ಸಮುದ್ರದ ತಳದಲ್ಲಿ 2011ರಿಂದ ಹರಿಯುತ್ತಿದ್ದ ನಾರ್ಡ್ ಸ್ಟ್ರೀಮ್ ಜೋಡಿ ಕೊಳವೆಗಳಿಂದ ಬರುತ್ತಿತ್ತು. ಅವುಗಳ ಸಾಮರ್ಥ್ಯ ವರ್ಷಕ್ಕೆ 55 ಬಿಲಿಯನ್ ಘನ ಮೀಟರ್. ಸಗಟು ಬೆಲೆ 15–20 ಯೂರೋ ನಡುವೆ ಆಡುತ್ತಿದ್ದ ಕಾಲ ಅದು. ಅಗ್ಗ ಎನ್ನುವ ಒಂದೇ ಕಾರಣಕ್ಕೆ, ಕೊಳವೆಯನ್ನಷ್ಟೇ ಅಲ್ಲದೆ ದಾಸ್ತಾನು ಮಾಡುವ ಜಾಗವನ್ನೂ ಮಾರುವವನ ಕೈಗೇ ಒಪ್ಪಿಸಲಾಗಿತ್ತು ಎಂಬುದು ನನ್ನ ಮಟ್ಟಿಗೆ ಆ ವರ್ಷಗಳ ಅತಿ ದೊಡ್ಡ ತಪ್ಪು. ಲೋವರ್ ಸ್ಯಾಕ್ಸನಿಯ ರೇಡನ್ ಎಂಬಲ್ಲಿ ಭೂಮಿಯಡಿ ಇರುವ, ಸುಮಾರು 4 ಬಿಲಿಯನ್ ಘನ ಮೀಟರ್ ಹಿಡಿಸುವ ದೇಶದ ಅತಿ ದೊಡ್ಡ ಅನಿಲ ಸಂಗ್ರಹಾಗಾರ ರಷ್ಯಾದ ಸರಕಾರಿ ಅನಿಲ ಕಂಪನಿ ಗಾಜ್‌ಪ್ರಾಮ್‌ನ ಅಂಗಸಂಸ್ಥೆಯ ವಶದಲ್ಲಿತ್ತು. 2021ರ ಬೇಸಿಗೆಯಲ್ಲಿ ಅದನ್ನು ತುಂಬಿಸಲೇ ಇಲ್ಲ, ಚಳಿಗಾಲ ಬಂದಾಗ ಅದು ಬಹುತೇಕ ಬರಿದಾಗಿತ್ತು. 2022ರ ಆಗಸ್ಟ್ 26ರಂದು ಟಿಟಿಎಫ್ ಬೆಲೆ 340 ಯೂರೋ ಸಮೀಪಕ್ಕೆ ಹೋಯಿತು. ಸರಿಯಾಗಿ ಒಂದು ತಿಂಗಳಿಗೆ, ಸೆಪ್ಟೆಂಬರ್ 26ರಂದು, ಆ ಕೊಳವೆಗಳೇ ಸ್ಫೋಟಗೊಂಡವು.

ಆ ಜಾಗಕ್ಕೆ ಬಂದದ್ದು ಏನು? ಜರ್ಮನಿಯ ಫೆಡರಲ್ ಜಾಲ ನಿಯಂತ್ರಣ ಸಂಸ್ಥೆಯ ಲೆಕ್ಕದಂತೆ 2024ರಲ್ಲಿ ದೇಶಕ್ಕೆ ಬಂದ ಅನಿಲ 865 ಟೆರಾವ್ಯಾಟ್ ಗಂಟೆಯಷ್ಟು. ಅದರಲ್ಲಿ ಶೇ 48 ನಾರ್ವೆಯಿಂದ, ಶೇ 25 ನೆದರ್ಲೆಂಡ್ಸಿನಿಂದ, ಶೇ 18 ಬೆಲ್ಜಿಯಮ್ಮಿನಿಂದ. ಜರ್ಮನಿಯ ಸ್ವಂತ ಬಂದರುಗಳಲ್ಲಿ ಇಳಿದ ದ್ರವೀಕೃತ ಅನಿಲ, ಅಂದರೆ ಎಲ್‌ಎನ್‌ಜಿ, ಶೇ 8 ಮಾತ್ರ. ವರ್ಷವೂ ಹಿಡಿಯದಷ್ಟು ವೇಗದಲ್ಲಿ ಕಟ್ಟಿ 2022ರ ಡಿಸೆಂಬರ್‌ನಲ್ಲಿ ಉದ್ಘಾಟಿಸಿದ ವಿಲ್ಹೆಲ್ಮ್ಸ್‌ಹಾಫೆನ್ ಟರ್ಮಿನಲ್ಲಿನ ಚಿತ್ರ ಪತ್ರಿಕೆಗಳಲ್ಲಿ ಎಷ್ಟು ಬಂದಿತೆಂದರೆ, ಜರ್ಮನಿಯ ಮನೆಗಳೆಲ್ಲ ಹಡಗಿನ ಅನಿಲದಿಂದಲೇ ಬಿಸಿಯಾಗುತ್ತಿವೆ ಎಂಬ ಭಾವನೆ ಹಲವರಲ್ಲಿದೆ. ನಿಜಕ್ಕೂ ದೊಡ್ಡ ಹೊರೆ ಹೊತ್ತಿರುವುದು ನಾರ್ವೆಯ ಕೊಳವೆಗಳು. ನೆದರ್ಲೆಂಡ್ಸಿನ ಹೆಸರಿನಲ್ಲಿ ಬರುವುದನ್ನು ಆ ದೇಶದ ನೆಲದ ಅನಿಲ ಎಂದು ತಿಳಿಯಬೇಡಿ. ಭೂಕಂಪನದ ಕಾರಣಕ್ಕೆ ಅಲ್ಲಿನ ಪ್ರಸಿದ್ಧ ಖ್ರೋನಿಂಗನ್ ನಿಕ್ಷೇಪದ ಉತ್ಪಾದನೆಯನ್ನು 2023ರ ಅಕ್ಟೋಬರ್ 1ರಂದು ನಿಲ್ಲಿಸಿದರು. ಈಗ ಬರುವುದರಲ್ಲಿ ರಾಟರ್‌ಡ್ಯಾಮ್ ಮುಂತಾದ ಬಂದರುಗಳಲ್ಲಿ ಇಳಿದ ಎಲ್‌ಎನ್‌ಜಿಯೂ ಸೇರಿದೆ. ಬೆಲ್ಜಿಯಮ್ಮಿನ ಜೇಬ್ರುಗೆ ಬಂದರಿನದೂ ಅದೇ ಕಥೆ.

ಶೇಕಡಾವಾರು ಚಿಕ್ಕದಾದರೂ ಬೆಲೆ ನಿಗದಿಯಾಗುವುದು ಈ ಹಡಗಿನ ಅನಿಲದಿಂದಲೇ ಎಂಬ ಸಂಗತಿಯ ಮೇಲೆ ಮುಂದಿನ ಮಾತೆಲ್ಲ ನಿಂತಿದೆ. ನಾರ್ವೆ ತನ್ನ ಕೊಳವೆಗಳನ್ನು ಈಗಾಗಲೇ ಪೂರ್ಣ ಪ್ರಮಾಣದಲ್ಲಿ ಓಡಿಸುತ್ತಿದೆ; ಚಳಿ ಹೆಚ್ಚಾಯಿತೆಂದು ಅಲ್ಲಿಂದ ಇನ್ನಷ್ಟು ತರಿಸಲಾಗದು. ಹೆಚ್ಚುವರಿಯಾಗಿ ಬೇಕಾದ ಕೊನೆಯ ಕೊಡ ಬರಬೇಕಾದದ್ದು ಸಮುದ್ರದಿಂದ. ಆ ಕೊಡವನ್ನು ಜಪಾನೋ ಕೊರಿಯಾವೋ ಭಾರತವೋ ಹೆಚ್ಚು ಬೆಲೆಗೆ ಕೇಳಿದರೆ ಹಡಗು ಅತ್ತ ತಿರುಗುತ್ತದೆ, ತಿರುಗದಿರಬೇಕಾದರೆ ಯುರೋಪು ಹೆಚ್ಚು ಕೊಡಬೇಕು. ಹಾಗೆ ಕೊಟ್ಟ ಬೆಲೆಯೇ ನಾರ್ವೆಯ ಅನಿಲಕ್ಕೂ ಅನ್ವಯವಾಗುತ್ತದೆ. ಒಬ್ಬನೇ ಮಾರಾಟಗಾರನ ಮೇಲಿದ್ದ ಅವಲಂಬನೆಯನ್ನು ಜರ್ಮನಿ ಇಡೀ ಲೋಕದ ಮಾರುಕಟ್ಟೆಯ ಮೇಲಿನ ಅವಲಂಬನೆಯಾಗಿ ಬದಲಾಯಿಸಿಕೊಂಡಿದೆ. ಅನಿಲವೇ ಸಿಗದೆ ಹೋಗುವ ಭಯ ಇದರಿಂದ ತಗ್ಗಿದೆ, ಬೆಲೆಯ ಏರಿಳಿತದ ಭಯ ಹೆಚ್ಚಿದೆ.

ಈ ಬದಲಾವಣೆಯ ಬಿಸಿ ಕನ್ನಡ ನಾಡಿನ ಸಮೀಪಕ್ಕೂ ತಟ್ಟಿದ್ದನ್ನು ಇಲ್ಲಿ ಹೇಳಲೇಬೇಕು. ದಾಭೋಳಿನಿಂದ ಬೆಂಗಳೂರಿನವರೆಗೆ ಅನಿಲದ ಕೊಳವೆ ತಂದಿರುವ ಗೇಲ್ ಸಂಸ್ಥೆ, ಗಾಜ್‌ಪ್ರಾಮ್‌ನ ಒಂದು ಅಂಗಸಂಸ್ಥೆಯೊಡನೆ 2012ರಲ್ಲಿ 20 ವರ್ಷಗಳ ಎಲ್‌ಎನ್‌ಜಿ ಒಪ್ಪಂದ ಮಾಡಿಕೊಂಡಿತ್ತು. ಆ ಅಂಗಸಂಸ್ಥೆಯ ಮಾತೃ ಕಂಪನಿ ಇದ್ದದ್ದು ಜರ್ಮನಿಯಲ್ಲಿ. 2022ರಲ್ಲಿ ಜರ್ಮನಿ ಸರಕಾರ ಆ ಕಂಪನಿಯನ್ನು ತನ್ನ ವಶಕ್ಕೆ ತೆಗೆದುಕೊಂಡು ಸೆಫೆ ಎಂಬ ಹೊಸ ಹೆಸರಿಟ್ಟಿತು. ರಷ್ಯಾ ಪ್ರತಿಯಾಗಿ ಅದಕ್ಕೆ ಅನಿಲ ನಿಲ್ಲಿಸಿತು. ಗೇಲ್‌ಗೆ ಬರಬೇಕಿದ್ದ ಹಡಗುಗಳು ತಪ್ಪಿದವು, ಗೇಲ್ ತನ್ನ ಗೊಬ್ಬರ ಕಾರ್ಖಾನೆ ಮತ್ತು ಇತರ ಉದ್ಯಮ ಗ್ರಾಹಕರಿಗೆ ಪೂರೈಕೆಯನ್ನು ಮೊಟಕುಗೊಳಿಸಬೇಕಾಯಿತು. ಸುಮಾರು 180 ಕೋಟಿ ಡಾಲರ್ ಪರಿಹಾರ ಕೇಳಿ ಲಂಡನ್ನಿನಲ್ಲಿ ಹೂಡಿದ್ದ ಮಧ್ಯಸ್ಥಿಕೆಯ ದಾವೆ 2025ರ ಜನವರಿಯಲ್ಲಿ 28.5 ಕೋಟಿ ಡಾಲರಿಗೆ ರಾಜಿಯಾಯಿತು. ಯುರೋಪು ತನ್ನ ಕೊರತೆ ತುಂಬಿಕೊಳ್ಳಲು ಹೆಚ್ಚು ಬೆಲೆ ಕೊಟ್ಟ ಆ ವರ್ಷ ಬಡ ದೇಶಗಳಿಗೆ ಹೋಗಬೇಕಿದ್ದ ಹಡಗುಗಳು ದಾರಿ ಬದಲಿಸಿದವು, ಪಾಕಿಸ್ತಾನ ಮತ್ತು ಬಾಂಗ್ಲಾದೇಶ ಕತ್ತಲಲ್ಲಿ ಕುಳಿತವು. ನಿಮ್ಮ ಬಿಲ್ಲಿನ ಬಗ್ಗೆ ಮಾತಾಡುವಾಗಲೂ ನನಗೆ ಇದನ್ನು ಮರೆಯಲಾಗುವುದಿಲ್ಲ.

ಇನ್ನು ಮುಂದಿನ ಮಾತು. ಬೆಲೆ ಇಳಿಯುತ್ತದೆ ಎನ್ನಲು ಇರುವ ಮುಖ್ಯ ಕಾರಣ ಹೊಸ ಎಲ್‌ಎನ್‌ಜಿಯ ಅಲೆ. ಅಮೆರಿಕದ ಲೂಸಿಯಾನಾದಲ್ಲಿ ಪ್ಲಾಕಮಿನ್ಸ್ ಸ್ಥಾವರ 2024ರ ಡಿಸೆಂಬರ್‌ನಲ್ಲಿ ಉತ್ಪಾದನೆ ಆರಂಭಿಸಿತು, ಟೆಕ್ಸಾಸಿನ ಕಾರ್ಪಸ್ ಕ್ರಿಸ್ಟಿಯ ವಿಸ್ತರಣೆ ಹಂತಹಂತವಾಗಿ ಕೆಲಸಕ್ಕೆ ಬರುತ್ತಿದೆ, ಕತಾರ್ ತನ್ನ ನಾರ್ತ್ ಫೀಲ್ಡ್ ನಿಕ್ಷೇಪದ ಸಾಮರ್ಥ್ಯವನ್ನು ವರ್ಷಕ್ಕೆ 7.7 ಕೋಟಿ ಟನ್ನಿನಿಂದ 2030ರ ಹೊತ್ತಿಗೆ 14.2 ಕೋಟಿ ಟನ್ನಿಗೆ ಏರಿಸಲು ಹೊರಟಿದೆ. 2030ರೊಳಗೆ ವರ್ಷಕ್ಕೆ ಸುಮಾರು 300 ಬಿಲಿಯನ್ ಘನ ಮೀಟರ್ ಹೊಸ ರಫ್ತು ಸಾಮರ್ಥ್ಯ ಸೇರುತ್ತದೆ ಎಂಬುದು ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜು. ಇದರ ಎದುರು ಯುರೋಪಿನ ಒಕ್ಕೂಟ ತಾನಾಗಿ ಬಿಟ್ಟುಕೊಡುತ್ತಿರುವುದು ಚಿಕ್ಕದು: 2024ರಲ್ಲಿ ಅದು ಕೊಂಡ ರಷ್ಯಾದ ಎಲ್‌ಎನ್‌ಜಿ ಸುಮಾರು 20 ಬಿಲಿಯನ್ ಘನ ಮೀಟರ್. 2025ರ ಡಿಸೆಂಬರ್ ಆರಂಭದಲ್ಲಿ ಆದ ಒಪ್ಪಂದದಂತೆ ಅಲ್ಪಾವಧಿ ಕರಾರುಗಳ ರಷ್ಯಾದ ಎಲ್‌ಎನ್‌ಜಿ 2026ರ ಏಪ್ರಿಲ್ 25ರಿಂದ, ದೀರ್ಘಾವಧಿಯದು 2027ರ ಜನವರಿ 1ರಿಂದ ನಿಲ್ಲಬೇಕು. ಕೊಳವೆಯ ಅನಿಲಕ್ಕೆ 2027ರ ಶರತ್ಕಾಲದವರೆಗೆ ಗಡುವು. ಹೊಸ ಅಲೆ ಇದನ್ನು ನುಂಗಿಕೊಳ್ಳಬಲ್ಲದು ಎಂಬುದು ನನ್ನ ಅಂದಾಜು.

ಆದರೆ ಎಷ್ಟರವರೆಗೆ ಇಳಿದೀತು? ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಜರ್ಮನಿಯ ಬಂದರುಗಳಿಗೆ ಬರುವ ಎಲ್‌ಎನ್‌ಜಿಯಲ್ಲಿ ಹತ್ತಕ್ಕೆ ಒಂಬತ್ತು ಪಾಲಿಗೂ ಹೆಚ್ಚು ಅಮೆರಿಕದ್ದಾದ್ದರಿಂದ ಅಲ್ಲಿನ ಖರ್ಚಿನಿಂದಲೇ ಆರಂಭಿಸಬೇಕು. ಅಮೆರಿಕದ ಸಗಟು ಅನಿಲಕ್ಕೆ ಅಳತೆಗೋಲಾದ ಹೆನ್ರಿ ಹಬ್ ಬೆಲೆಯನ್ನು ಪ್ರತಿ ಎಂಎಂಬಿಟಿಯುಗೆ (ಅಲ್ಲಿನ ಅನಿಲದ ಅಳತೆ, ಸುಮಾರು 293 ಯೂನಿಟ್) 4 ಡಾಲರ್ ಎಂದಿಟ್ಟುಕೊಳ್ಳಿ. ರೂಢಿಯ ಕರಾರುಗಳಂತೆ ಅದರ ಮೇಲೆ ಶೇ 15 ಸೇರಿಸಿದರೆ 4.6 ಡಾಲರ್. ಅನಿಲವನ್ನು ತಂಪಾಗಿಸಿ ದ್ರವ ಮಾಡುವ ಕೂಲಿ ಸುಮಾರು 2.5 ಡಾಲರ್, ಅಟ್ಲಾಂಟಿಕ್ ದಾಟಿಸಿ, ಈಚೆ ದಡದಲ್ಲಿ ಮತ್ತೆ ಅನಿಲ ಮಾಡುವ ಖರ್ಚು 1.4 ಡಾಲರ್ ಎನ್ನೋಣ. ಒಟ್ಟು 8.5 ಡಾಲರ್, ಇದನ್ನು ಇಂದಿನ ವಿನಿಮಯ ದರದಲ್ಲಿ ಮೆಗಾವ್ಯಾಟ್ ಗಂಟೆಗೆ ಪರಿವರ್ತಿಸಿದರೆ ಸುಮಾರು 25 ಯೂರೋ. ಟಿಟಿಎಫ್ ಇದಕ್ಕಿಂತ ಕೆಳಗೆ ಹೋದರೂ ಹಡಗುಗಳು ಒಡನೆಯೇ ನಿಲ್ಲುವುದಿಲ್ಲ, ಏಕೆಂದರೆ ದ್ರವೀಕರಣದ ಕೂಲಿಯನ್ನು ಹಡಗು ತುಂಬಿದರೂ ತುಂಬದಿದ್ದರೂ ಕೊಡಲೇಬೇಕು. ಆದರೆ ಅದನ್ನು ಬಿಟ್ಟು ಉಳಿಯುವ 6 ಡಾಲರ್, ಅಂದರೆ ಸುಮಾರು 17–18 ಯೂರೋ ಕೂಡ ಹುಟ್ಟದಿದ್ದರೆ ಖರೀದಿದಾರ ಹಡಗನ್ನೇ ರದ್ದು ಮಾಡುತ್ತಾನೆ. ಅಷ್ಟು ಕೆಳಗೆ ಹೋಗುವ ಮೊದಲೇ ಚೀನಾ, ಭಾರತಗಳ ಕಾರ್ಖಾನೆಗಳು ಅನಿಲಕ್ಕೆ ಮರಳುತ್ತವೆ. ಗುಜರಾತಿನ ಮೋರ್ಬಿಯ ಹೆಂಚಿನ ಗೂಡುಗಳು ಅನಿಲ ದುಬಾರಿಯಾದಾಗ ಪ್ರೊಪೇನಿಗೂ, ಅಗ್ಗವಾದಾಗ ಮತ್ತೆ ಅನಿಲಕ್ಕೂ ಹೋಗುವುದನ್ನು ವರ್ಷವರ್ಷವೂ ನೋಡುತ್ತಿದ್ದೇವೆ. ಆದ್ದರಿಂದ 2026ರಿಂದ 2028ರವರೆಗೆ 20ರಿಂದ 30 ಯೂರೋ ಎಂಬುದು ನನ್ನ ಮಧ್ಯಮ ಅಂದಾಜು. ಹಳೆಯ 15 ಯೂರೋ ಒಂದು ಬೆಚ್ಚನೆಯ ಚಳಿಗಾಲದ ಕೊನೆಯಲ್ಲಿ ಕೆಲವು ವಾರ ಕಾಣಿಸಿಕೊಳ್ಳಬಹುದು, ನೆಲೆ ನಿಲ್ಲದು.

ಈ ಅಂದಾಜನ್ನು ಕೆಡಿಸಬಲ್ಲ ಸಂಗತಿಗಳಲ್ಲಿ ನಾನು ಅತಿ ಹೆಚ್ಚು ಗಮನ ಕೊಡುವುದು ದಾಸ್ತಾನಿಗೆ. ಸುಗ್ಗಿಯಲ್ಲಿ ಭತ್ತ ಕೊಂಡು ಮಳೆಗಾಲದಲ್ಲಿ ಮಾರುವ ವರ್ತಕನನ್ನು ನೆನೆಯಿರಿ. ಸುಗ್ಗಿಯ ಬೆಲೆಗಿಂತ ಮಳೆಗಾಲದ ಬೆಲೆ ಹೆಚ್ಚಿದ್ದರೆ ಮಾತ್ರ ಅವನಿಗೆ ಗೋದಾಮಿನ ಬಾಡಿಗೆ, ಸಾಲದ ಬಡ್ಡಿ ಗಿಟ್ಟುತ್ತದೆ. ಅನಿಲದ ಸುಗ್ಗಿ ಬೇಸಿಗೆ. 2024–25ರ ಚಳಿಗಾಲದಲ್ಲಿ ಗಾಳಿಯೂ ಇಲ್ಲದ ಬಿಸಿಲೂ ಇಲ್ಲದ ದಿನಗಳು ಬಂದು ಅನಿಲದ ವಿದ್ಯುತ್ ಸ್ಥಾವರಗಳು ಎಡೆಬಿಡದೆ ಓಡಿದವು. 2024ರ ಡಿಸೆಂಬರ್ 12ರ ಸಂಜೆ ಒಂದು ಗಂಟೆಯ ಮಟ್ಟಿಗೆ ವಿದ್ಯುತ್ತಿನ ಸಗಟು ಬೆಲೆ ಮೆಗಾವ್ಯಾಟ್ ಗಂಟೆಗೆ 936 ಯೂರೋ ಆಯಿತು. ಮಾರ್ಚ್ ಕೊನೆಗೆ ಜರ್ಮನಿಯ ಸಂಗ್ರಹಾಗಾರಗಳಲ್ಲಿ ಶೇ 30ರಷ್ಟು ಮಾತ್ರ ಉಳಿದಿತ್ತು. ಚಳಿಗಾಲಕ್ಕೆ ಮುಂಚೆ ಸಂಗ್ರಹ ಇಷ್ಟು ತುಂಬಿರಬೇಕು ಎಂಬ ಕಾನೂನಿನ ಗುರಿಯನ್ನು ಎಲ್ಲರೂ ಮುಟ್ಟಲು ಬೇಸಿಗೆಯಲ್ಲಿ ಕೊಳ್ಳಲೇಬೇಕು ಎಂದು ಮಾರುಕಟ್ಟೆಗೆ ಗೊತ್ತಾದಾಗ, ಬೇಸಿಗೆಯ ಮುಂಗಡ ಬೆಲೆ ಮುಂದಿನ ಚಳಿಗಾಲದ ಬೆಲೆಯನ್ನೇ ಮೀರಿತು. ದುಬಾರಿಗೆ ಕೊಂಡು ಅಗ್ಗಕ್ಕೆ ಮಾರುವ ವರ್ತಕ ಯಾರಿದ್ದಾನೆ? ಯಾರೂ ತುಂಬಿಸಲು ಮುಂದೆ ಬರಲಿಲ್ಲ. ಕೊನೆಗೆ ಸರಕಾರ ನವೆಂಬರ್ 1ರ ಗುರಿಯನ್ನು ಒಟ್ಟಾರೆ ಶೇ 70ರ ಆಸುಪಾಸಿಗೆ ಇಳಿಸಿತು, ರೇಡನ್‌ಗೆ ಶೇ 45 ಸಾಕು ಎಂದಿತು. ಗುರಿ ಸಡಿಲಾದ ಕೂಡಲೇ ಬೇಸಿಗೆಯ ಬೆಲೆ ಮೆತ್ತಗಾಯಿತು.

ಇದು ಜಾಣತನದ ನಿರ್ಧಾರವಾಗಿತ್ತು ಎಂದು ಒಪ್ಪುತ್ತೇನೆ, ಆದರೆ ಅದಕ್ಕೊಂದು ಬೆಲೆಯಿದೆ. 2024ರ ನವೆಂಬರ್ ಆರಂಭದಲ್ಲಿ ಶೇ 98 ತುಂಬಿದ್ದ ಸಂಗ್ರಹ, 2025ರಲ್ಲಿ ಅದೇ ದಿನಕ್ಕೆ ಮುಕ್ಕಾಲು ಪಾಲಿನಷ್ಟು ಮಾತ್ರ ಇತ್ತು. ಫೆಬ್ರವರಿಯಲ್ಲಿ ಎರಡು ವಾರ ಕೊರೆಯುವ ಚಳಿ ಬಿದ್ದರೆ ಅನಿಲವೇ ಇಲ್ಲದಂತಾಗುವುದಿಲ್ಲ. ಆದರೆ ಬೆಲೆ ಜಿಗಿಯುತ್ತದೆ, ಮತ್ತು ಮುಂದಿನ ಬೇಸಿಗೆಯಲ್ಲಿ ತುಂಬಿಸಬೇಕಾದದ್ದು ಹೆಚ್ಚಾಗುತ್ತದೆ. ಸ್ಥಳೀಯವಾಗಿ ಬವೇರಿಯಾದಂಥ ದಕ್ಷಿಣದ ರಾಜ್ಯಗಳು ಉತ್ತರದ ಬಂದರುಗಳಿಂದ ದೂರವಿರುವುದರಿಂದ ಅಲ್ಲಿನ ಸಂಗ್ರಹಾಗಾರಗಳು ಖಾಲಿಯಾಗುವುದು ನನಗೆ ಹೆಚ್ಚು ಕಳವಳ ತರುತ್ತದೆ.

ಎರಡನೆಯ ಅಪಾಯ ಹಾರ್ಮುಜ್ ಜಲಸಂಧಿ. ಲೋಕದಲ್ಲಿ ಬಳಕೆಯಾಗುವ ತೈಲದ ಸುಮಾರು ಐದನೇ ಒಂದು ಪಾಲು, ಮಾರಾಟವಾಗುವ ಎಲ್‌ಎನ್‌ಜಿಯಲ್ಲೂ ಸುಮಾರು ಅಷ್ಟೇ ಪಾಲು ಆ ಕಿರಿದಾದ ನೀರಿನಲ್ಲಿ ಸಾಗುತ್ತದೆ. ಕತಾರಿನ ಹಡಗುಗಳಿಗೆ ಬೇರೆ ದಾರಿಯಿಲ್ಲ. 2025ರ ಜೂನ್‌ನಲ್ಲಿ ಇಸ್ರೇಲ್ ಮತ್ತು ಇರಾನ್ ನಡುವೆ ಹನ್ನೆರಡು ದಿನ ಯುದ್ಧ ನಡೆದಾಗ ಒಂದೇ ಒಂದು ಹಡಗು ತಪ್ಪದಿದ್ದರೂ ಟಿಟಿಎಫ್ 40 ಯೂರೋ ದಾಟಿತು, ಕದನವಿರಾಮ ಬಂದೊಡನೆ ಇಳಿಯಿತು. ಜಲಸಂಧಿ ನಿಜವಾಗಿಯೂ ಕೆಲವು ವಾರ ಮುಚ್ಚಿಹೋದರೆ ನನ್ನ 20–30ರ ಅಂದಾಜಿಗೆ ಅರ್ಥವೇ ಉಳಿಯುವುದಿಲ್ಲ. ಜರ್ಮನಿ ಕತಾರಿನಿಂದ ನೇರವಾಗಿ ಕೊಳ್ಳುವುದು ಎಷ್ಟು ಎಂಬುದು ಅಲ್ಲಿ ಮುಖ್ಯವಾಗದು. ಕತಾರಿನ ಅನಿಲ ಕಳೆದುಕೊಂಡ ಏಷ್ಯಾದ ದೇಶಗಳು ಅಮೆರಿಕದ ಹಡಗುಗಳಿಗೆ ಕೈಹಾಕುತ್ತವೆ. ಮೂರನೆಯದು ಅಮೆರಿಕದ ಮೇಲಿನ ಅತಿಯಾದ ಆಸರೆ. ಸುಂಕದ ಜಗಳ ಮುಗಿಸಲು 2025ರ ಜುಲೈನಲ್ಲಿ ಮಾಡಿಕೊಂಡ ಮಾತಿನಲ್ಲಿ 75,000 ಕೋಟಿ ಡಾಲರಿನಷ್ಟು ಅಮೆರಿಕದ ಇಂಧನ ಕೊಳ್ಳುವುದಾಗಿ ಒಕ್ಕೂಟ ಹೇಳಿದೆ. ಅಷ್ಟು ಕೊಳ್ಳುವುದು ಸಾಧ್ಯವೇ ಎಂಬುದು ಹಾಗಿರಲಿ, ಒಂದೇ ಅಂಗಡಿಯ ಅಭ್ಯಾಸದಿಂದ ಪಾಠ ಕಲಿತ ದೇಶ ಮತ್ತೆ ಒಂದೇ ಅಂಗಡಿಯತ್ತ ವಾಲುವುದು ನನಗೆ ಹಿಡಿಸುವುದಿಲ್ಲ.

ಬೇಡಿಕೆಯ ಕಡೆಯ ಚಿತ್ರವನ್ನೂ ಹೇಳಿಬಿಡುತ್ತೇನೆ. ಬೆಲೆ ತಗ್ಗಿದರೂ ಉದ್ಯಮದ ಬಳಕೆ ಯುದ್ಧಪೂರ್ವದ ಮಟ್ಟಕ್ಕೆ ಮರಳಿಲ್ಲ. ಯುದ್ಧಕ್ಕೆ ಮುಂಚೆ ಇಡೀ ದೇಶದ ಅನಿಲದಲ್ಲಿ ಸುಮಾರು ಶೇ 4ರಷ್ಟನ್ನು ಒಂದೇ ಆವರಣದಲ್ಲಿ ಉರಿಸುತ್ತಿದ್ದ ಲುಡ್ವಿಗ್ಸ್‌ಹಾಫೆನ್‌ನ ಬಿಎಎಸ್‌ಎಫ್ ರಾಸಾಯನಿಕ ಕಾರ್ಖಾನೆ, ಅಮೋನಿಯಾದ ಒಂದು ಘಟಕ ಸೇರಿ ಹಲವು ಘಟಕಗಳನ್ನು ಶಾಶ್ವತವಾಗಿ ಮುಚ್ಚಿತು. ಮುಚ್ಚಿದ ಘಟಕ ಬೆಲೆ ಇಳಿದ ಮಾತ್ರಕ್ಕೆ ತೆರೆಯುವುದಿಲ್ಲ. ಇದು ಬೆಲೆಯನ್ನು ಕೆಳಗಿಡುವ ಬಲ, ಆದರೆ ಅದರ ಹಿಂದೆ ಕೆಲಸ ಕಳೆದುಕೊಂಡವರಿದ್ದಾರೆ.

ಈಗ ನೀವು ಕಳಿಸಿದ ಬಿಲ್ಲಿನ ಪ್ರತಿಗೆ ಬರೋಣ. ವರ್ಷಕ್ಕೆ 18,000 ಯೂನಿಟ್, ದರ 11.4 ಸೆಂಟ್. ಇದರಲ್ಲಿ ಶೇ 19 ಮೌಲ್ಯವರ್ಧಿತ ತೆರಿಗೆಯೇ 1.8 ಸೆಂಟ್. ಅನಿಲದ ಮೇಲಿನ ಇಂಧನ ತೆರಿಗೆ 0.55 ಸೆಂಟ್, ಇಂಧನ ಉರಿದಾಗ ಹೊರಬರುವ ಇಂಗಾಲದ ಡೈಆಕ್ಸೈಡಿಗೆ ಕೊಡಬೇಕಾದ ಇಂಗಾಲದ ಬೆಲೆ 2025ರಲ್ಲಿ ಟನ್ನಿಗೆ 55 ಯೂರೋ ಇರುವುದರಿಂದ ಯೂನಿಟ್ಟಿಗೆ 1 ಸೆಂಟ್, ಸಂಗ್ರಹದ ಶುಲ್ಕ 0.29 ಸೆಂಟ್, ಕೊಳವೆ ಜಾಲದ ಶುಲ್ಕ ನಿಮ್ಮಲ್ಲಿ 2.2 ಸೆಂಟ್. ಇವನ್ನೆಲ್ಲ ಕಳೆದರೆ ಅನಿಲಕ್ಕೂ ಪೂರೈಕೆದಾರನ ಖರ್ಚು ಮತ್ತು ಲಾಭಕ್ಕೂ ಉಳಿಯುವುದು ಸುಮಾರು 5.5 ಸೆಂಟ್. ಸಗಟು ಬೆಲೆ 2.8 ಸೆಂಟ್ ಇರುವಾಗ ಇದು ಹೇಗೆ ಎಂದು ನೀವು ಕೇಳುವುದು ಸರಿ. ಪೂರೈಕೆದಾರರು ಇಂದು ನಿಮಗೆ ಕೊಡುವ ಅನಿಲವನ್ನು ಇಂದು ಕೊಳ್ಳುವುದಿಲ್ಲ. ಹಿಂದಿನ ಒಂದೆರಡು ಮೂರು ವರ್ಷಗಳಲ್ಲಿ ಕಂತುಕಂತಾಗಿ, ಬೆಲೆ 35–45 ಯೂರೋ ಇದ್ದಾಗ ಕೊಂಡಿಟ್ಟಿರುತ್ತಾರೆ. 2022ರಲ್ಲಿ ಬೆಲೆ ಹತ್ತಾರು ಪಟ್ಟು ಏರಿದಾಗ ನಿಮ್ಮ ದರ ತಡವಾಗಿ, ಅಷ್ಟರಮಟ್ಟಿಗೆ ಏರದೆ ಉಳಿದದ್ದೂ ಇದೇ ಕಾರಣಕ್ಕೆ. ಏರುವಾಗ ಕಾಪಾಡಿದ ಪದ್ಧತಿ ಇಳಿಯುವಾಗ ತಡೆಯುತ್ತಿದೆ.

ಲೆಕ್ಕ ಮುಂದುವರಿಸಿದರೆ, ಸಗಟು ಬೆಲೆ 10 ಯೂರೋ ಇಳಿದು ಅದು ಪೂರ್ತಿ ನಿಮಗೆ ತಲುಪಿದರೆ ವರ್ಷಕ್ಕೆ ಉಳಿಯುವುದು ತೆರಿಗೆ ಸೇರಿ ಸುಮಾರು 214 ಯೂರೋ. 2026ರ ಜನವರಿ 1ರಿಂದ ಸಂಗ್ರಹದ ಶುಲ್ಕ ರದ್ದಾಗುತ್ತದೆ. ಅದರಿಂದ ಇನ್ನೊಂದು 60 ಯೂರೋ. ಆದರೆ ಎದುರು ದಿಕ್ಕಿನಲ್ಲಿ ಎರಡು ಸಂಗತಿಗಳಿವೆ. ಇಂಗಾಲದ ಬೆಲೆ 2026ರಲ್ಲಿ 55–65 ಯೂರೋ ನಡುವಿನ ಮಟ್ಟಕ್ಕೆ ಹೋಗುತ್ತದೆ. ಒಕ್ಕೂಟ ಮಟ್ಟದ ಹೊಸ ಇಂಗಾಲ ಮಾರುಕಟ್ಟೆ 2027ರಿಂದ 2028ಕ್ಕೆ ಮುಂದೂಡಲ್ಪಡುತ್ತಿದೆಯೇ ಹೊರತು ರದ್ದಾಗುತ್ತಿಲ್ಲ. ಮತ್ತು ಜಾಲದ ಶುಲ್ಕ. ಊರಿನ ಕೊಳವೆಯ ಖರ್ಚು ಸ್ಥಿರ. ನೆರೆಹೊರೆಯವರು ಒಬ್ಬೊಬ್ಬರಾಗಿ ಹೀಟ್ ಪಂಪಿಗೋ ಜಿಲ್ಲಾ ತಾಪನ ಜಾಲಕ್ಕೋ ಹೋದಂತೆ ಉಳಿದವರ ತಲೆಯ ಮೇಲೆ ಬೀಳುವ ಪಾಲು ಏರುತ್ತದೆ. ನಿಮ್ಮದೇ ರಾಜ್ಯದ ಮನ್‌ಹೈಮ್‌ನಲ್ಲಿ ನಗರದ ಇಂಧನ ಸಂಸ್ಥೆ 2035ರ ಹೊತ್ತಿಗೆ ಅನಿಲ ಜಾಲವನ್ನೇ ಮುಚ್ಚುವ ಉದ್ದೇಶ ಪ್ರಕಟಿಸಿದೆ. ಹತ್ತು ವರ್ಷಗಳ ದೃಷ್ಟಿಯಿಂದ ನೋಡಿದರೆ ನಿಮ್ಮ ಬಿಲ್ಲನ್ನು ನಿರ್ಧರಿಸುವುದು ಕತಾರ್ ಅಲ್ಲ, ನಿಮ್ಮ ಬೀದಿಯಲ್ಲಿ ಇನ್ನೂ ಎಷ್ಟು ಮನೆಗಳು ಅನಿಲ ಉರಿಸುತ್ತವೆ ಎಂಬುದು.

ತೈಲದ ಕಥೆ ಇದಕ್ಕಿಂತ ಸರಳ. ಜರ್ಮನಿ ತನಗೆ ಬೇಕಾದ ಕಚ್ಚಾತೈಲದಲ್ಲಿ ಶೇ 2ರಷ್ಟನ್ನು ಮಾತ್ರ ತನ್ನ ನೆಲದಿಂದ ತೆಗೆಯುತ್ತದೆ, ಉಳಿದದ್ದೆಲ್ಲ ಆಮದು. ಆದರೆ ತೈಲಕ್ಕೆ ಮಾರಾಟಗಾರರು ಬಹಳ, ಹಡಗಿನಲ್ಲಿ ತರುವುದು ಸುಲಭ, ಮೇಲಾಗಿ 90 ದಿನಗಳ ನಿವ್ವಳ ಆಮದಿನಷ್ಟು ದಾಸ್ತಾನು ಕಾನೂನಿನಂತೆ ಸದಾ ಇರಬೇಕು. ಅದರ ಒಂದು ಪಾಲು ಉತ್ತರದ ಉಪ್ಪಿನ ಪದರಗಳಲ್ಲಿ ಕೊರೆದ ಗುಹೆಗಳಲ್ಲಿದೆ. ನಿಜವಾಗಿ ಸೂಕ್ಷ್ಮವಾಗಿರುವುದು ಪೂರ್ವದ ಷ್ವೇಟ್ ಸಂಸ್ಕರಣಾಗಾರ: ಬರ್ಲಿನ್ ಸುತ್ತಲಿನ ವಾಹನಗಳಿಗೆ ಇಂಧನ ಕೊಡುವ ಇದರ ಅರ್ಧಕ್ಕಿಂತ ಹೆಚ್ಚು ಪಾಲು ಇನ್ನೂ ರಷ್ಯಾದ ತೈಲ ಕಂಪನಿ ರಾಸ್‌ನೆಫ್ಟ್ ಹೆಸರಿನಲ್ಲಿದ್ದು, 2022ರಿಂದ ಸರಕಾರದ ಆಡಳಿತದಲ್ಲಿದೆ. ನಿಮ್ಮ ಪ್ರದೇಶಕ್ಕೆ ತೈಲ ಬರುವ ದಾರಿ ಬೇರೆ. ಇಟಲಿಯ ಟ್ರಿಯೆಸ್ಟೆ ಬಂದರಿನಿಂದ ಆಲ್ಪ್ಸ್ ದಾಟಿ ಬರುವ ಕೊಳವೆ ಕಾರ್ಲ್ಸ್‌ರೂಹೆಯ ಸಂಸ್ಕರಣಾಗಾರವನ್ನು ಪೋಷಿಸುತ್ತದೆ.

2026ರಲ್ಲಿ ತೈಲ ಬೇಡಿಕೆಗಿಂತ ದಿನಕ್ಕೆ ಸುಮಾರು 40 ಲಕ್ಷ ಬ್ಯಾರೆಲ್ ಹೆಚ್ಚಿರುತ್ತದೆ ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಲೆಕ್ಕ ಹಾಕಿದೆ. ಅಷ್ಟು ಆಗದಿದ್ದರೂ, ತೈಲ ರಫ್ತುದಾರರ ಕೂಟವಾದ ಒಪೆಕ್ ಪ್ಲಸ್ ದೇಶಗಳು 2025ರ ಏಪ್ರಿಲ್‌ನಿಂದ ಉತ್ಪಾದನೆ ಏರಿಸುತ್ತ ಬಂದು ಈಗ 2026ರ ಮೊದಲ ಮೂರು ತಿಂಗಳಿಗೆ ಏರಿಕೆ ನಿಲ್ಲಿಸಿರುವುದೇ ಸರಕು ಮಿಕ್ಕಿದೆ ಎಂಬುದಕ್ಕೆ ಗುರುತು. ಯೂರೋದ ಬಲವೂ ಸೇರಿದೆ. 2025ರ ಆರಂಭದಲ್ಲಿ 75 ಡಾಲರಿದ್ದ ಬ್ಯಾರೆಲ್ 61ಕ್ಕೆ ಬಂದದ್ದು ಡಾಲರಿನಲ್ಲಿ ಐದನೇ ಒಂದು ಪಾಲಿನಷ್ಟು ಇಳಿಕೆ; ಯೂರೋ ಅದೇ ಅವಧಿಯಲ್ಲಿ 1.03 ಡಾಲರಿನಿಂದ 1.17ಕ್ಕೆ ಏರಿದ್ದರಿಂದ ಜರ್ಮನಿಯವರಿಗೆ ಅದು ಕಾಲುಭಾಗಕ್ಕಿಂತ ಹೆಚ್ಚಿನ ಇಳಿಕೆ. ನಿಮ್ಮ ನೆರೆಯವರಿಗೆ ಒಂದು ಕೈಲೆಕ್ಕ ಹೇಳಿ: ಬ್ಯಾರೆಲ್ಲಿಗೆ 10 ಡಾಲರ್ ಇಳಿದರೆ ತೆರಿಗೆ ಸೇರಿ ಲೀಟರಿಗೆ ಸುಮಾರು 6 ಸೆಂಟ್ ಇಳಿಯಬೇಕು. ಇಂಗಾಲದ ಬೆಲೆಯಿಂದಲೇ ಅವರು ಈಗ ಲೀಟರಿಗೆ 17 ಸೆಂಟಿನಷ್ಟು ಕೊಡುತ್ತಿದ್ದಾರೆ ಎಂಬುದನ್ನೂ ಹೇಳಿ.

ಡೀಸೆಲ್ ಮತ್ತು ಮನೆ ತಾಪನದ ತೈಲ ಒಂದೇ ಜಾತಿಯವು, ಮತ್ತು ಯುರೋಪಿನಲ್ಲಿ ಕೊರತೆ ಇರುವುದು ಕಚ್ಚಾತೈಲಕ್ಕಲ್ಲ, ಇವುಗಳಿಗೆ. ಮಂಗಳೂರಿನ ಎಂಆರ್‌ಪಿಎಲ್ ಸೇರಿದಂತೆ ಭಾರತದ ಸಂಸ್ಕರಣಾಗಾರಗಳು 2022ರ ನಂತರ ರಷ್ಯಾದ ಅಗ್ಗದ ಕಚ್ಚಾತೈಲ ಕೊಂಡವು, ಭಾರತದ ಡೀಸೆಲ್ ಯುರೋಪಿಗೆ ಧಾರಾಳವಾಗಿ ಬಂತು. 2026ರ ಜನವರಿ 21ರಿಂದ ರಷ್ಯಾದ ಕಚ್ಚಾತೈಲದಿಂದ ತಯಾರಾದ ಇಂಥ ಉತ್ಪನ್ನಗಳನ್ನು ಒಕ್ಕೂಟ ತಡೆಯುತ್ತದೆ. ಕಚ್ಚಾತೈಲ ಬಿದ್ದಷ್ಟು ಡೀಸೆಲ್ ಬೀಳದಿರಲು ಇದೊಂದು ಕಾರಣವಾಗಲಿದೆ.

ಕೊನೆಯದಾಗಿ ರೈನ್ ನದಿ. ಕೌಬ್ ಎಂಬ ಪುಟ್ಟ ಊರಿನ ಬಳಿ ನದಿಯ ತಳ ಬಂಡೆಗಳಿಂದ ಎತ್ತರವಾಗಿದ್ದು, ರಾಟರ್‌ಡ್ಯಾಮಿನಿಂದ ದಕ್ಷಿಣಕ್ಕೆ ಬರುವ ಪ್ರತಿಯೊಂದು ತೈಲದ ದೋಣಿಯೂ ಅದನ್ನು ದಾಟಬೇಕು. ಅಲ್ಲಿನ ಅಳತೆಪಟ್ಟಿ 40 ಸೆಂಟಿಮೀಟರ್ ತೋರಿಸಿದರೆ ದೋಣಿ ಸಾಗುವ ಕಾಲುವೆಯಲ್ಲಿ ನಿಜವಾಗಿ ಇರುವುದು ಸುಮಾರು ಒಂದೂವರೆ ಮೀಟರ್ ನೀರು. ಆಗ ದೋಣಿಗಳು ಅರ್ಧಕ್ಕಿಂತ ಬಹಳ ಕಡಿಮೆ ಹೇರಿಕೊಂಡು ಬರುತ್ತವೆ, ಬಾಡಿಗೆ ಹಲವು ಪಟ್ಟು ಏರುತ್ತದೆ. 2018ರ ಅಕ್ಟೋಬರ್‌ನಲ್ಲಿ ಅದು 25ಕ್ಕೆ ಇಳಿದಾಗ, ಲೋಕದ ಮಾರುಕಟ್ಟೆಯಲ್ಲಿ ಕೊರತೆಯೇ ಇಲ್ಲದಿದ್ದರೂ ದಕ್ಷಿಣ ಜರ್ಮನಿಯಲ್ಲಿ ತಾಪನ ತೈಲ ದುಬಾರಿಯಾಯಿತು. ನದಿ ಬತ್ತುವುದು ಸಾಮಾನ್ಯವಾಗಿ ಆಗಸ್ಟ್‌ನಿಂದ ನವೆಂಬರ್‌ವರೆಗೆ, ಸರಿಯಾಗಿ ಎಲ್ಲರೂ ಟ್ಯಾಂಕು ತುಂಬಿಸಲು ಹೊರಡುವ ಹೊತ್ತಿಗೆ. ನಿಮ್ಮ ನೆರೆಯವರು ಏಪ್ರಿಲ್‌ನಿಂದ ಜೂನ್ ಒಳಗೆ ಅರ್ಧದಷ್ಟನ್ನಾದರೂ ತುಂಬಿಸಿಕೊಳ್ಳಲಿ, ಉಳಿದರ್ಧಕ್ಕೆ ಬೆಲೆ ನೋಡಿ ಕಾಯಲಿ.

ನಿಮಗೆ ನನ್ನ ಸಲಹೆ: ಎರಡು ವರ್ಷಕ್ಕೆ ಕಟ್ಟಿಕೊಳ್ಳಬೇಡಿ, ಕಾಯುತ್ತಲೂ ಕೂರಬೇಡಿ. ಹನ್ನೆರಡು ತಿಂಗಳ ನಿಗದಿ ದರ ತೆಗೆದುಕೊಳ್ಳಿ. ಹೊಸ ಗ್ರಾಹಕರಿಗೆ ಪೂರೈಕೆದಾರರು ಇಂದಿನ ಬೆಲೆಯಲ್ಲಿ ಕೊಂಡ ಅನಿಲವನ್ನೇ ಕೊಡುವುದರಿಂದ, ಈಗಿರುವ ಕಂಪನಿಯಲ್ಲೇ ಉಳಿಯುವುದಕ್ಕಿಂತ ಬದಲಾಯಿಸಿದರೆ ಯೂನಿಟ್ಟಿಗೆ 1ರಿಂದ 2 ಸೆಂಟ್ ಉಳಿಯುವ ಸಾಧ್ಯತೆಯಿದೆ. ಚಳಿ ತೀವ್ರವಾಗಿ ಬೆಲೆ ಜಿಗಿದ ವಾರದಲ್ಲಿ ಸಹಿ ಹಾಕಬೇಡಿ, ಮಾರ್ಚ್‌ವರೆಗೆ ಸಮಯವಿದೆ. ಸಹಿ ಮಾಡುವ ಮುನ್ನ ದರದ ಖಾತರಿ ಯಾವುದಕ್ಕೆ ಅನ್ವಯಿಸುತ್ತದೆ ಎಂದು ಓದಿ. ಹಲವು ಕರಾರುಗಳಲ್ಲಿ ತೆರಿಗೆ, ಇಂಗಾಲದ ಬೆಲೆ, ಕೆಲವದರಲ್ಲಿ ಜಾಲದ ಶುಲ್ಕವೂ ಖಾತರಿಯ ಹೊರಗಿರುತ್ತವೆ. ಮೊದಲ ವರ್ಷದಲ್ಲಷ್ಟೇ ಸಿಗುವ ಬೋನಸ್ಸನ್ನು ಕಳೆದು, ಬರಿ ಯೂನಿಟ್ ದರ ಮತ್ತು ತಿಂಗಳ ಸ್ಥಿರ ಶುಲ್ಕವನ್ನು ಹೋಲಿಸಿ. ಬಾಯ್ಲರಿಗೆ ಹದಿನೈದು ವರ್ಷ ದಾಟಿದ್ದರೆ ನಿಮ್ಮ ಪುರಸಭೆಯ ತಾಪನ ಯೋಜನೆಯಲ್ಲಿ ನಿಮ್ಮ ಬೀದಿಗೆ ಏನೆಂದು ಬರೆದಿದೆ ಎಂಬುದನ್ನು ಇದೇ ಚಳಿಗಾಲದಲ್ಲಿ ವಿಚಾರಿಸಿ. ಆ ಉತ್ತರ ಸಿಕ್ಕ ಮೇಲೆ, ಬೇಕಿದ್ದರೆ, ಬಾಯ್ಲರಿನ ಪ್ರಶ್ನೆಯನ್ನು ನನಗೆ ಬೇರೆಯಾಗಿ ಬರೆಯಿರಿ.